ಅಡಿಕೆ ಮೂಟೆಯ ತೂಕ

ಹದಿನೇಳು ವರ್ಷಗಳ ಕಾಲ ನಾನು ಕನ್ನಡ ಚಿತ್ರಗಳಲ್ಲಿ ನಾಯಕನ ಗೆಳೆಯನಾಗಿದ್ದೆ. ನಾಯಕನಿಗೆ ಪ್ರೇಮಪತ್ರ ಬರೆದುಕೊಡುವವನು, ಅವನ ಬದಲಿಗೆ ಪೆಟ್ಟು ತಿನ್ನುವವನು, ದ್ವಿತೀಯಾರ್ಧದಲ್ಲಿ ಕಥೆ ಗಂಭೀರವಾದ ಕೂಡಲೇ ಯಾರಿಗೂ ಹೇಳದೆ ಕಾಣೆಯಾಗುವವನು ನಾನೇ. ಆ ಪಾತ್ರಗಳ ಬಗ್ಗೆ ನನಗೆ ಅಸಮಾಧಾನವಿಲ್ಲ. ಮನೆಯ ಬಾಡಿಗೆಯನ್ನೂ ಮಗಳ ಶಾಲೆಯ ಶುಲ್ಕವನ್ನೂ ಕಟ್ಟಿದ್ದು ಅವೇ. ಆದರೆ ದ್ವಿತೀಯಾರ್ಧದಲ್ಲಿ ನಾನು ಎಲ್ಲಿಗೆ ಹೋಗುತ್ತಿದ್ದೆ ಎಂಬ ಪ್ರಶ್ನೆ ಮಾತ್ರ ಬಹಳ ಕಾಲ ನನ್ನನ್ನು ಕಾಡಿತು. ಕಥೆಯೊಳಗೆ ಭಯ ಕಾಲಿಟ್ಟೊಡನೆ ನಗಿಸುವವನನ್ನು ಹೊರಗೆ ಕಳುಹಿಸಬೇಕೆಂದು ಯಾರು ತೀರ್ಮಾನಿಸಿದರೋ ತಿಳಿಯದು. ಯಕ್ಷಗಾನದ ಹಾಸ್ಯಗಾರನಾದರೂ ಬಣ್ಣದ ವೇಷದ ಆರ್ಭಟದ ನಡುವೆಯೇ ರಂಗಸ್ಥಳದಲ್ಲಿ ನಿಂತಿರುತ್ತಾನೆ. ಅವನು ಹೆದರಿದಷ್ಟೂ ನಾವು ನಗುತ್ತೇವೆ, ನಕ್ಕ ಮೇಲೂ ರಾಕ್ಷಸ ನಮಗೆ ರಾಕ್ಷಸನಾಗಿಯೇ ಕಾಣುತ್ತಾನೆ. ಇದನ್ನು ಸಿನಿಮಾದಲ್ಲಿ ಸಾಧಿಸಬಹುದೇ ಎಂದು ನೋಡುವ ಆಸೆಯಿಂದ ನಾನು ಹಾಸ್ಯ ಬೆರೆತ ಥ್ರಿಲ್ಲರ್ ಒಂದನ್ನು ಬರೆದು, ನಿರ್ದೇಶಿಸಲು ಹೊರಟೆ.

ನಟನೊಬ್ಬ ನಿರ್ದೇಶಕನಾಗುವುದು ನಮ್ಮಲ್ಲಿ ಹೊಸದೇನಲ್ಲ. ರಂಗಭೂಮಿಯಿಂದ ಬಂದ ಶಂಕರ್ ನಾಗ್ 1978ರಲ್ಲಿ ನಟರಾಗಿ ತೆರೆಗೆ ಬಂದು 1980ರ ಹೊತ್ತಿಗೆ ನಿರ್ದೇಶಕರೂ ಆಗಿದ್ದರು. ಅವರು ಎರಡು ವರ್ಷದಲ್ಲಿ ಕ್ರಮಿಸಿದ ದಾರಿಗೆ ನನಗೆ ಹದಿನೇಳು ವರ್ಷ ಹಿಡಿಯಿತು ಎಂದರೆ ನನ್ನ ವೇಗ ಎಷ್ಟೆಂದು ಓದುಗರೇ ಅಂದಾಜಿಸಬಹುದು.

ಕಥೆ ನಡೆಯುವುದು ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಮನೆಯಲ್ಲಿ, ಒಂದೇ ರಾತ್ರಿಯಲ್ಲಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಓದಿದವನಾದ್ದರಿಂದ ಆ ಸೀಮೆಯ ಮನೆಗಳ ಜಗುಲಿ, ಅಟ್ಟ, ಅಂಗಳದ ಚಪ್ಪರ ಎಲ್ಲವೂ ನನಗೆ ಪರಿಚಿತವಾಗಿದ್ದವು. ಸಹಕಾರ ಸಂಘವೊಂದರ ಗುಮಾಸ್ತ ಸಂಘದ ನಗದನ್ನು ತನ್ನ ಮನೆಯ ಅಡಿಕೆ ಮೂಟೆಯೊಂದರಲ್ಲಿ ಹುದುಗಿಸಿಟ್ಟಿದ್ದಾನೆ. ಅಂದು ಸಂಜೆ ಲೆಕ್ಕ ತಪಾಸಣೆಗೆ ಬಂದ ಅಧಿಕಾರಿ ಕಾಣೆಯಾಗಿದ್ದಾರೆ. ಮರುದಿನ ಬೆಳಗ್ಗೆ ಮೂಟೆಗಳನ್ನು ಸಾಗರದ ಪೇಟೆಗೆ ಸಾಗಿಸಲು ಗುಮಾಸ್ತನ ಭಾವ ಗಾಡಿ ತಂದಿದ್ದಾನೆ. ಇಪ್ಪತ್ತೆರಡು ಮೂಟೆಗಳೂ ನೋಡಲು ಒಂದೇ ತೆರ. ನಡುರಾತ್ರಿ ಕಾನ್‌ಸ್ಟೇಬಲ್ ಒಬ್ಬರು ಬಾಗಿಲು ತಟ್ಟುತ್ತಾರೆ. ಇಷ್ಟೇ ಕಥೆ.

ನಿರ್ಮಾಪಕರು ಸಿಕ್ಕಿದ್ದು ಸುಲಭವಾಗಿಯಲ್ಲ. ಬೆಂಗಳೂರಿನಲ್ಲಿ ನಾನು ಕಥೆ ಹೇಳಿದ ನಾಲ್ವರಲ್ಲಿ ಇಬ್ಬರು ‘ಇದು ಕಾಮಿಡಿಯೋ ಥ್ರಿಲ್ಲರೋ, ಪೋಸ್ಟರ್‌ನಲ್ಲಿ ಏನಂತ ಹಾಕೋದು’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಪೋಸ್ಟರ್ ನೋಡಿ ಟಿಕೆಟ್ ಕೊಳ್ಳುವವರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆಂದು ಗೊತ್ತಿರಬೇಕು. ಕೊನೆಗೆ ಒಪ್ಪಿದವರು ನನ್ನ ಹಳೆಯ ಸ್ನೇಹಿತರೊಬ್ಬರ ಸೋದರಮಾವ. ಅಡಿಕೆ ಮಂಡಿ ಇಟ್ಟುಕೊಂಡವರು. ಸಿನಿಮಾ ನೋಡುವುದೇ ಅಪರೂಪ. ಕಥೆಯನ್ನು ಪೂರ್ತಿ ಕೇಳಿ ಅವರು ಎತ್ತಿದ ಆಕ್ಷೇಪ ಒಂದೇ: ‘ಮೂಟೇಲಿ ನೋಟು ಇಟ್ರೆ ಅಡಿಕೆ ತೇವಕ್ಕೆ ನೋಟಿಗೆ ಬೂಸ್ಟು ಹಿಡೀತದೆ ಮಾರಾಯ್ರೆ, ಪ್ಲಾಸ್ಟಿಕ್ಕಲ್ಲಿ ಸುತ್ತಿಸಿ.’ ನಾನು ಸುತ್ತಿಸಿದೆ. ಆ ಪ್ಲಾಸ್ಟಿಕ್‌ನ ಸರಪರ ಸದ್ದು ಮುಂದೆ ಚಿತ್ರದ ಎರಡು ಮುಖ್ಯ ತಿರುವುಗಳಿಗೆ ಕಾರಣವಾಯಿತು.

ಶೀರ್ಷಿಕೆಯ ನೋಂದಣಿ, ಒಪ್ಪಂದಗಳು, ಕಲಾವಿದರ ಕಾಲ್‌ಶೀಟ್ ಹೊಂದಿಸುವುದು ಇವುಗಳಲ್ಲಿ ನಾಲ್ಕು ತಿಂಗಳು ಕಳೆದವು. ನಾವು ಇಟ್ಟುಕೊಂಡಿದ್ದ ಹೆಸರು ಅದಾಗಲೇ ಬೇರೊಬ್ಬರ ಹೆಸರಿನಲ್ಲಿ ನೋಂದಣಿಯಾಗಿತ್ತು, ಎರಡನೆಯದೂ ಆಗಿತ್ತು, ಮೂರನೆಯದು ಸಿಕ್ಕಿತು. ಈ ಭಾಗದ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ.

ಹೇಳಬೇಕಾದ್ದು ತಾಲೀಮಿನ ಬಗ್ಗೆ. ಬೆಂಗಳೂರಿನ ಬಸವನಗುಡಿಯಲ್ಲಿ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ಎಂಟು ದಿನ ತಾಲೀಮು ನಡೆಸಿದೆವು. ನಟನಾಗಿದ್ದವನು ನಿರ್ದೇಶಕನಾದಾಗ ಮೊದಲು ಮಾಡುವ ತಪ್ಪನ್ನೇ ನಾನೂ ಮಾಡಿದೆ: ಪ್ರತಿಯೊಂದನ್ನೂ ಮಾಡಿ ತೋರಿಸಿದೆ. ಗುಮಾಸ್ತ ಬೆಚ್ಚಿಬೀಳುವುದು ಹೇಗೆ, ಅವನ ಹೆಂಡತಿ ಗಂಡನ ಕಡೆಗೆ ಕಣ್ಣು ಹೊರಳಿಸುವುದು ಹೇಗೆ, ಕಾನ್‌ಸ್ಟೇಬಲ್ ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಳ್ಳುವುದು ಹೇಗೆ, ಎಲ್ಲವನ್ನೂ. ಮೂರು ದಿನಗಳ ಬಳಿಕ ಗಮನಿಸಿದರೆ ಆ ಕೋಣೆಯಲ್ಲಿದ್ದ ಐವರೂ ನನ್ನಂತೆಯೇ ನಡೆಯುತ್ತಿದ್ದರು, ನನ್ನಂತೆಯೇ ಮಾತಿನ ಕೊನೆಯಲ್ಲಿ ಹುಬ್ಬು ಹಾರಿಸುತ್ತಿದ್ದರು. ನಾಯಕನ ಗೆಳೆಯರು ಐದು ಮಂದಿ ಒಟ್ಟಿಗೆ ಸೇರಿದಂತಿತ್ತು. ಗುಮಾಸ್ತನ ತಾಯಿಯ ಪಾತ್ರ ವಹಿಸಿದವರು ವೃತ್ತಿ ರಂಗಭೂಮಿಯಲ್ಲಿ ನಲವತ್ತು ವರ್ಷ ದುಡಿದ ಹಿರಿಯ ಕಲಾವಿದೆ. ಅವರು ನಾಲ್ಕನೆಯ ದಿನ ಚಹಾ ಕುಡಿಯುವಾಗ ಮೆಲ್ಲಗೆ ಹೇಳಿದರು: ‘ನೀನು ಮಾಡಿ ತೋರಿಸಿದ್ರೆ ನಾನು ನಿನ್ನ ಹಾಗೇ ಮಾಡ್ತೀನಪ್ಪಾ, ಅದೇನು ಕಷ್ಟದ ಕೆಲಸ ಅಲ್ಲ. ಆದ್ರೆ ಆಮೇಲೆ ನನ್ನನ್ನ ಯಾಕೆ ಕರೆಸಿದ್ದು?’

ಅಂದಿನಿಂದ ನಾನು ಕುರ್ಚಿಯಿಂದ ಎದ್ದು ಹೋಗಿ ಅಭಿನಯಿಸಿ ತೋರಿಸುವುದನ್ನು ಬಿಟ್ಟೆ. ಬಿಟ್ಟೆ ಎಂದು ಬರೆಯುವುದು ಸುಲಭ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ‘ಇಲ್ಲಿ ಹೀಗೆ ಮಾಡಿ’ ಎನ್ನುವ ಬದಲು ‘ಈ ಹೊತ್ತಿಗೆ ನಿಮಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ’ ಎಂದು ಕೇಳತೊಡಗಿದೆ. ಥ್ರಿಲ್ಲರ್‌ನ ಲೆಕ್ಕ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಯಾವ ಮೂಟೆಯಲ್ಲಿ ಹಣವಿದೆ ಎಂಬುದು ಗುಮಾಸ್ತನಿಗೆ ಗೊತ್ತು, ತಾಯಿಗೆ ಗೊತ್ತಿಲ್ಲ, ಹೆಂಡತಿಗೆ ಅರ್ಧ ಗೊತ್ತು, ಪ್ರೇಕ್ಷಕನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತು. ಈ ನಾಲ್ಕು ತಿಳಿವಳಿಕೆಗಳ ನಡುವಿನ ಅಂತರವೇ ಒಂದು ಕ್ಷಣ ಭಯವಾಗಿ, ಮರುಕ್ಷಣ ನಗೆಯಾಗಿ ಕಾಣುತ್ತದೆ. ಪಾತ್ರಧಾರಿ ತಾನಾಗಿ ನಗಿಸಲು ಹೊರಟರೆ ಆ ಅಂತರ ಮುಚ್ಚಿಹೋಗುತ್ತದೆ, ಏಕೆಂದರೆ ತಾನು ತಮಾಷೆಯ ಚಿತ್ರದಲ್ಲಿದ್ದೇನೆಂಬುದು ಅವನಿಗೂ ಗೊತ್ತಿದೆ ಎಂದಾಗುತ್ತದೆ. ಇಷ್ಟನ್ನು ತಾಲೀಮಿನಲ್ಲಿ ಬುದ್ಧಿಯಿಂದ ತಿಳಿದುಕೊಂಡೆ. ಮನಸ್ಸಿಗೆ ನಾಟಿದ್ದು ಚಿತ್ರೀಕರಣದ ಮೊದಲ ದಿನ.

ಮೊದಲ ದಿನ ನಾವು ತೆಗೆದುಕೊಂಡದ್ದು ಗುಮಾಸ್ತನೂ ಅವನ ಹೆಂಡತಿಯೂ ಹಣವಿರುವ ಮೂಟೆಯನ್ನು ಜಗುಲಿಯಿಂದ ಅಡುಗೆಮನೆಗೆ ಸಾಗಿಸುವ ದೃಶ್ಯ. ಕಲಾ ವಿಭಾಗದವರು ಗೋಣಿಚೀಲಕ್ಕೆ ಹುಲ್ಲನ್ನೂ ಥರ್ಮೋಕೋಲನ್ನೂ ತುಂಬಿ, ಬಾಯಿಯ ಬಳಿ ನಾಲ್ಕು ಸೇರು ಅಡಿಕೆ ಹರಡಿ ಚೆಂದವಾಗಿ ಹೊಲಿದಿದ್ದರು. ತೂಕ ಹೆಚ್ಚೆಂದರೆ ಆರು ಕೆ.ಜಿ. ಇಲ್ಲದ ಭಾರವನ್ನು ಇದ್ದಂತೆ ತೋರಿಸುವುದು ರಂಗಶಾಲೆಯಲ್ಲಿ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಬರಿಗೈಯಲ್ಲಿ ಬಾವಿಯಿಂದ ನೀರು ಸೇದಿ ಚಪ್ಪಾಳೆ ಗಿಟ್ಟಿಸಿದವನು ನಾನು. ನಟರಿಬ್ಬರೂ ನುರಿತವರು. ತಿಣುಕಿದರು, ಸೊಂಟ ಹಿಡಿದುಕೊಂಡರು, ಹೊಸ್ತಿಲಿನ ಬಳಿ ಮೂಟೆ ಸಿಕ್ಕಿಹಾಕಿಕೊಂಡಾಗ ಪರಸ್ಪರ ಬೈದುಕೊಂಡರು. ಲೈಟ್ ವಿಭಾಗದ ಹುಡುಗರು ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕರು. ಮೂರನೆಯ ಟೇಕ್‌ಗೆ ಓಕೆ ಎಂದೆ. ಮೊದಲ ದಿನವೇ ಇಡೀ ಸೆಟ್ ನಗುತ್ತಿದೆಯಲ್ಲ ಎಂಬ ಹೆಮ್ಮೆಯಲ್ಲಿ ಊಟವೂ ಸ್ವಲ್ಪ ಹೆಚ್ಚೇ ಸೇರಿತು.

ರಾತ್ರಿ ಛಾಯಾಗ್ರಾಹಕರ ಜೊತೆ ಕುಳಿತು ಆ ದೃಶ್ಯವನ್ನು ಮತ್ತೆ ನೋಡಿದಾಗ ನಗು ಬರಲಿಲ್ಲ. ನಟರಲ್ಲಿ ತಪ್ಪಿರಲಿಲ್ಲ. ಚೀಲದ ಬುಡ ಜೋಲುತ್ತಿರಲಿಲ್ಲ, ಹಿಡಿದ ಬೆರಳುಗಳ ಸುತ್ತ ಗೋಣಿ ಸುಕ್ಕುಗಟ್ಟುತ್ತಿರಲಿಲ್ಲ, ಮೂಲೆಗಳ ಹೊಲಿಗೆ ಬಿಗಿಯುತ್ತಿರಲಿಲ್ಲ. ನೆಲಕ್ಕೆ ಇಟ್ಟಾಗ ಅದು ಕುಕ್ಕರಿಸಿ ಕೂರಲಿಲ್ಲ, ದಿಂಬಿನಂತೆ ನಿಂತಿತು. ರಂಗದ ಮೇಲೆ ಇಪ್ಪತ್ತು ಅಡಿ ದೂರದ ಪ್ರೇಕ್ಷಕ ನಟನ ಬೆನ್ನನ್ನು ನಂಬಿದರೆ ಸಾಕು. ಕ್ಯಾಮೆರಾ ಚೀಲದ ಹೊಲಿಗೆಯನ್ನು ನೋಡುತ್ತಿತ್ತು. ಆ ಮೂಟೆಯಲ್ಲಿ ಏನೂ ಇಲ್ಲವೆಂದು ಕಂಡಮೇಲೆ ಅದನ್ನು ಕದ್ದೊಯ್ಯುವವರ ಭಯ ಎಲ್ಲಿಂದ ಬರಬೇಕು? ಭಯವಿಲ್ಲದ ಮೇಲೆ ಉಳಿದದ್ದು ಇಬ್ಬರು ನಟರ ಚೇಷ್ಟೆ ಮಾತ್ರ.

ನಿರ್ಮಾಪಕರಿಗೆ ಫೋನ್ ಮಾಡಿ ನಿಜವಾದ ಅಡಿಕೆ ಬೇಕೆಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ‘ರಾಶಿ ಇಡಿಯೇ ಆಗ್ಬೇಕಾ, ಗೊರಬಲು ನಡೀತದಾ’ ಎಂದು ಅಡಿಕೆಯ ಬಗೆ ಕೇಳಿದರು. ಮರುದಿನ ಬೆಳಗ್ಗೆ ಮಂಡಿಯ ಹುಡುಗನೊಬ್ಬ ಮೂಟೆ ತಂದಿಳಿಸಿ, ತೂಕದ ಚೀಟಿಗೆ ನನ್ನ ಸಹಿ ಹಾಕಿಸಿಕೊಂಡು ಹೋದ: 62 ಕೆ.ಜಿ.

ಅದೇ ದೃಶ್ಯವನ್ನು ಮತ್ತೆ ತೆಗೆದೆವು. ಈ ಸಲ ನಟರು ಏನನ್ನೂ ಮಾಡಲಿಲ್ಲ, ಮಾಡಲು ಅವರಿಗೆ ಆಗಲೂ ಇಲ್ಲ. ನಾನು ಬರೆದಿದ್ದ ನಾಲ್ಕು ಸಾಲಿನ ಜಗಳ ಹೊಸ್ತಿಲು ತಲುಪುವಷ್ಟರಲ್ಲಿ ‘ಹಿಡ್ಕ... ಹಿಡ್ಕ... ಕಾಲು, ಕಾಲು’ ಎಂಬಲ್ಲಿಗೆ ಇಳಿದಿತ್ತು. ಗುಮಾಸ್ತನ ಪಾತ್ರಧಾರಿಯ ಕತ್ತಿನ ನರ ನಿಜಕ್ಕೂ ಉಬ್ಬಿತ್ತು. ಹೆಂಡತಿಯ ಪಾತ್ರಧಾರಿಣಿ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಕೈ ಬಿಡುವಿರಲಿಲ್ಲವಾದ್ದರಿಂದ ಜಾರುವ ಸೆರಗಿಗೆ ಬೇರೆ ದಾರಿಯಿರಲಿಲ್ಲ. ಸೆಟ್‌ನಲ್ಲಿ ಒಬ್ಬರೂ ನಗಲಿಲ್ಲ. ಟೇಕ್ ಮುಗಿದ ಮೇಲೆ ಲೈಟ್ ಹುಡುಗನೊಬ್ಬ ಓಡಿಬಂದು ಮೂಟೆಗೆ ಕೈ ಹಚ್ಚಿದ. ಆ ದೃಶ್ಯಕ್ಕೆ ಚಿತ್ರಮಂದಿರದಲ್ಲಿ ಬಂದಷ್ಟು ನಗು ನಾನು ಬರೆದ ಯಾವ ಹಾಸ್ಯದ ಮಾತಿಗೂ ಬರಲಿಲ್ಲ.

ಚಿತ್ರೀಕರಣ ಮುಗಿದ ಮೇಲೆ ಆ ಮೂಟೆಯನ್ನು ಮಂಡಿಗೆ ಹಿಂದಿರುಗಿಸಿದೆವು. ತೂಗಿದರೆ 58 ಕೆ.ಜಿ. ಮತ್ತು ಚಿಲ್ಲರೆ ಇತ್ತು. ಮೂವತ್ತಾರು ದಿನಗಳಲ್ಲಿ ಸುಮಾರು ಮೂರೂವರೆ ಕೆ.ಜಿ. ಅಡಿಕೆಯನ್ನು ನಮ್ಮ ಯೂನಿಟ್ ಎಲೆಯ ಜೊತೆ ಜಗಿದು ಮುಗಿಸಿತ್ತು. ನಿರ್ಮಾಪಕರು ಅದನ್ನು ಬಾಟಾ, ಅಂದರೆ ದಿನಭತ್ಯೆಯ ಖಾತೆಯಲ್ಲಿ ಬರೆದುಕೊಂಡರು.

ಕೊಯ್ಲಿನ ಕಾಲದಲ್ಲೇ ಚಿತ್ರೀಕರಿಸಬೇಕೆಂಬ ಹಠ ನನ್ನದು. ಅಂಗಳದಲ್ಲಿ ಅಡಿಕೆ ಬೇಯಿಸುವ ಚೊಗರಿನ ಹಂಡೆ ಕುದಿಯುತ್ತಿರಬೇಕು, ಚಪ್ಪರದ ಮೇಲೆ ಬೇಯಿಸಿದ ಅಡಿಕೆ ಹರಡಿರಬೇಕು, ಮೆಟ್ಟುಗತ್ತಿಯ ಮುಂದೆ ಸುಲಿಯುವವರು ಸಾಲಾಗಿ ಕೂತಿರಬೇಕು. ಮೆಟ್ಟುಗತ್ತಿಯಷ್ಟು ಒಳ್ಳೆಯ ಥ್ರಿಲ್ಲರ್ ಆಯುಧವನ್ನು ಯಾವ ಬರಹಗಾರನೂ ಕಲ್ಪಿಸಲಾರ: ಕಾಲಿನಡಿ ಒತ್ತಿ ಹಿಡಿದ ಮಣೆ, ಮೇಲಕ್ಕೆ ಮುಖ ಮಾಡಿದ ಅಲುಗು, ಅದರ ಹಿಂದೆ ಮನೆಮಾತು ಆಡುತ್ತ ಕೂತ ಶಾಂತ ಮುಖದ ಹೆಂಗಸು. ಸ್ಥಳೀಯರಾದ ಆರು ಮಂದಿ ಹೆಂಗಸರನ್ನೇ ಆ ಸಾಲಿಗೆ ಕರೆದೆವು. ಮೊದಲ ರಾತ್ರಿ ಒಂಬತ್ತು ಟೇಕ್ ಆದ ಮೇಲೆ ಕಂಟಿನ್ಯುಟಿ ನೋಡಿಕೊಳ್ಳುತ್ತಿದ್ದ ಹುಡುಗಿ ಗಾಬರಿಯಿಂದ ಬಂದಳು. ಮೊದಲ ಟೇಕ್‌ನಲ್ಲಿ ಮೊಣಕಾಲೆತ್ತರಕ್ಕಿದ್ದ ಹಸಿ ಅಡಿಕೆಯ ರಾಶಿ ಒಂಬತ್ತನೆಯದರ ಹೊತ್ತಿಗೆ ಪಾದದಷ್ಟಾಗಿತ್ತು. ನಾವು ಬೆಳಕು ಸರಿಪಡಿಸುವಾಗಲೂ, ಕ್ಯಾಮೆರಾ ಜಾಗ ಬದಲಿಸುವಾಗಲೂ, ನಾನು ನಟರ ಜೊತೆ ಮಾತಾಡುವಾಗಲೂ ಅವರು ಸುಲಿಯುತ್ತಲೇ ಇದ್ದರು. ನಿಲ್ಲಿಸಬೇಕೆಂದು ಕೇಳಿಕೊಂಡೆ. ಅವರಲ್ಲಿ ಹಿರಿಯಾಕೆ ಅಲುಗಿನಿಂದ ಕಣ್ಣೆತ್ತದೆ ಹೇಳಿದರು: ‘ನಿಲ್ಸಿದ್ರೆ ಕೂಲಿ ಯಾರು ಕೊಡ್ತಾರೆ ಡೈರೆಕ್ಟ್ರೇ? ನಮ್ದು ಸುಲಿದಷ್ಟಕ್ಕೆ.’ ಸಿನಿಮಾ ಕಡೆಯಿಂದ ದಿನದ ಸಂಬಳ ಬೇರೆಯೇ ಇದೆಯೆಂದು ಪ್ರೊಡಕ್ಷನ್ ಮ್ಯಾನೇಜರ್ ವಿವರಿಸಿದ ಮೇಲೂ ಅವರಿಗೆ ಕೈ ಕಟ್ಟಿ ಕೂರುವುದು ಸರಿಬರಲಿಲ್ಲ. ಕೊನೆಗೆ ಪ್ರತಿ ಟೇಕ್‌ಗೂ ರಾಶಿಯನ್ನು ಗೆರೆ ಹಾಕಿ ಅಳೆದು ಮತ್ತೆ ತುಂಬಿಸುವ ಕೆಲಸಕ್ಕೆ ಒಬ್ಬ ಸಹಾಯಕನನ್ನೇ ನೇಮಿಸಿದೆವು. ಆ ಮನೆಯವರ ಅಡಿಕೆ ಆ ವರ್ಷ ಎಲ್ಲರಿಗಿಂತ ಮೊದಲು ಸುಲಿದು ಮುಗಿಯಿತು.

ಧ್ವನಿಯನ್ನು ಚಿತ್ರೀಕರಣದ ಸ್ಥಳದಲ್ಲೇ ದಾಖಲಿಸಬೇಕೆಂದು ನಿರ್ಧರಿಸಿದ್ದೆವು. ಡಬ್ಬಿಂಗ್ ಕೋಣೆಯಲ್ಲಿ ನಿಂತು, ಮೂರು ತಿಂಗಳ ಹಿಂದೆ ಹೆದರಿದ ಹೆದರಿಕೆಗೆ ಇಂದು ಉಸಿರು ಕೊಡುವುದು ಎಷ್ಟು ಕಷ್ಟವೆಂದು ನಟನಾಗಿ ನನಗೆ ಗೊತ್ತಿತ್ತು. ಆದರೆ ಮಲೆನಾಡಿನ ರಾತ್ರಿಗೆ ತನ್ನದೇ ಸಂಗೀತವಿದೆ. ನಾವು ದೊಡ್ಡ ಲೈಟ್ ಹಚ್ಚಿದರೆ ಜೀರುಂಡೆಗಳು ಒಮ್ಮೆಗೇ ನಿಲ್ಲುತ್ತಿದ್ದವು. ಹತ್ತು ನಿಮಿಷದಲ್ಲಿ ಧೈರ್ಯ ತಂದುಕೊಂಡು ಒಂದೊಂದಾಗಿ ಶುರುಮಾಡುತ್ತಿದ್ದವು. ಐದನೆಯ ಟೇಕ್‌ನ ಹೊತ್ತಿಗೆ ಪೂರ್ಣ ಮೇಳ. ಒಂದನೆಯ ಟೇಕ್‌ನ ಮಾತನ್ನೂ ಐದನೆಯದರ ಮಾತನ್ನೂ ಒಟ್ಟಿಗೆ ಜೋಡಿಸಿದರೆ, ಒಂದು ವಾಕ್ಯದ ಮಧ್ಯೆ ಕಾಡು ಮೂಕವಾಗಿ ಮತ್ತೆ ಬಾಯಿಬಿಟ್ಟಂತೆ ಕೇಳುತ್ತಿತ್ತು. ಇದಕ್ಕಾಗಿ ಪ್ರತಿ ರಾತ್ರಿ ಕೆಲಸ ಮುಗಿದ ಮೇಲೆ ಧ್ವನಿಗ್ರಾಹಕರು ಎರಡು ನಿಮಿಷ ರೂಮ್ ಟೋನ್ ದಾಖಲಿಸಿಕೊಳ್ಳುತ್ತಿದ್ದರು. ಐವತ್ತು ಮಂದಿ ಇದ್ದಲ್ಲೇ ನಿಂತು, ಕೆಮ್ಮದೆ, ಕಾಲು ಬದಲಿಸದೆ, ಆ ಮನೆ ತನ್ನಷ್ಟಕ್ಕೆ ತಾನಿರುವ ಸದ್ದನ್ನು ಕೇಳಬೇಕು. ಜನರೇಟರ್ ಅನ್ನು ದಿಬ್ಬದಾಚೆ ನಿಲ್ಲಿಸಿ ಇನ್ನೂರು ಅಡಿ ಕೇಬಲ್ ಎಳೆದಿದ್ದರೂ ಅದರ ಗುಂಯ್ ಎಂಬ ನಾದ ಆಗ ಕೇಳುತ್ತಿತ್ತು. ದಿನವಿಡೀ ಕಿರುಚಾಡಿದ ನನಗೆ ಇಡೀ ಶೆಡ್ಯೂಲ್‌ನಲ್ಲಿ ಅತ್ಯಂತ ಪ್ರಿಯವಾದ ಹೊತ್ತು ಅದು.

ಇನ್ನು ಅಡುಗೆಮನೆಯ ದೃಶ್ಯ. ಚಿತ್ರದ ಹೃದಯ ಅದೇ ಎಂದು ಬರೆಯುವಾಗಲೇ ಗೊತ್ತಿತ್ತು. ಮೊದಲ ಕರಡಿನಲ್ಲಿ ಕಾನ್‌ಸ್ಟೇಬಲ್ ಒಳಬಂದು, ಮೂಟೆಗೆ ಒರಗಿ ಕೂತು, ಬೀಡಿ ಹಚ್ಚುತ್ತಿದ್ದರು. ಕಿಡಿ ಗೋಣಿಯ ಮೇಲೆ ಬೀಳುತ್ತದೋ ಎಂಬುದು ಅಲ್ಲಿಯ ಆತಂಕ. ಸಹ ನಿರ್ದೇಶಕರು ನಿಯಮವನ್ನು ನೆನಪಿಸಿದರು. ತಂಬಾಕು ಸೇವನೆ ತೆರೆಯ ಮೇಲೆ ಕಾಣುವಷ್ಟು ಹೊತ್ತೂ ಎಚ್ಚರಿಕೆಯ ಬರಹ ಕೆಳಗೆ ಇರಲೇಬೇಕು. ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಿಡಿಯ ಮೇಲೆ ಇರಬೇಕಾದ ಪ್ರೇಕ್ಷಕನ ಕಣ್ಣು ಅಕ್ಷರದ ಕಡೆಗೆ ಹೋದರೆ ದೃಶ್ಯ ಸತ್ತಂತೆಯೇ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಉತ್ತರ ಕಣ್ಣೆದುರಿಗೇ ಇತ್ತು. ಕಾನ್‌ಸ್ಟೇಬಲ್ ಬೀಡಿ ಸೇದುವುದಿಲ್ಲ. ಕವಳದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಜೇಬು ತಡಕಾಡಿ, ಸಂಕೋಚದಿಂದ ಕೇಳುತ್ತಾರೆ: ‘ಒಂದು ಹೋಳು ಅಡಿಕೆ ಇದ್ರೆ ಕೊಡ್ತೀರಾ ಹೆಗಡೇರೆ?’ ಇಪ್ಪತ್ತೆರಡು ಮೂಟೆ ಅಡಿಕೆಯಿರುವ ಮನೆಯಲ್ಲಿ ಇಲ್ಲವೆನ್ನುವಂತಿಲ್ಲ. ಅವರ ಕೈಗೆ ಎಟುಕುವ ಮೂಟೆ ಮಾತ್ರ ಒಂದೇ. ಬೀಡಿಯ ದೃಶ್ಯಕ್ಕಿಂತ ಇದು ಹತ್ತು ಪಾಲು ಒಳ್ಳೆಯದು ಎಂದು ಈಗಲೂ ನಂಬಿದ್ದೇನೆ, ಮತ್ತು ಇದು ನನ್ನ ಪ್ರತಿಭೆಯಿಂದ ಬಂದದ್ದಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಆ ಹೊತ್ತಿಗೆ ಒಲೆಯ ಮೇಲೆ ಕುಕ್ಕರ್ ಇದೆ. ಅವರು ಮೂಟೆಯ ಹೊಲಿಗೆಗೆ ಬೆರಳು ಹಾಕಿದಾಗ ಅದು ಕೂಗಬೇಕು, ಮೂವರೂ ಬೆಚ್ಚಬೇಕು. ನಿಜವಾದ ಕುಕ್ಕರ್ ನಮ್ಮ ‘ಆ್ಯಕ್ಷನ್’ಗೆ ಕಾಯುವುದಿಲ್ಲವಾದ್ದರಿಂದ ಸೀಟಿಯ ಸದ್ದನ್ನು ಆಮೇಲೆ ಸೇರಿಸುವುದೆಂದು ತೀರ್ಮಾನಿಸಿ, ಸಹಾಯಕ ನಿರ್ದೇಶಕನೊಬ್ಬನನ್ನು ಒಲೆಯ ಹಿಂದೆ ಕೂರಿಸಿದೆವು. ಅವನು ಹಲ್ಲಿನ ನಡುವಿನಿಂದ ‘ಉಸ್ಸ್’ ಎಂದು ಊದುತ್ತಿದ್ದ. ಮೊದಲ ಟೇಕ್‌ನಲ್ಲಿ ಎಲ್ಲರೂ ಬೆಚ್ಚಿದರು. ಎರಡನೆಯದರಲ್ಲಿ ಅವನು ಊದುವುದಕ್ಕೂ ಅವರು ಬೆಚ್ಚುವುದಕ್ಕೂ ಸರಿಹೋಯಿತು. ಮೂರನೆಯದರಲ್ಲಿ ಅವರು ಮೊದಲೇ ಬೆಚ್ಚಿ ಅವನಿಗಾಗಿ ಕಾಯುತ್ತಿದ್ದರು. ನಾನು ಹುಡುಗನನ್ನು ಹಿತ್ತಿಲಿಗೆ ಕರೆದೊಯ್ದು, ಇನ್ನು ಮುಂದೆ ನಾನು ಹೇಳಿದ ಜಾಗದಲ್ಲಿ ಊದಬೇಡ, ನಿನಗೆ ಇಷ್ಟ ಬಂದಾಗ ಊದು, ಯಾವಾಗೆಂದು ನನಗೂ ಹೇಳಬೇಡ ಎಂದೆ. ಮುಂದಿನ ಟೇಕ್‌ನಲ್ಲಿ ಅವನು ಬಹಳ ಹೊತ್ತು ಸುಮ್ಮನೇ ಇದ್ದ. ಕಾನ್‌ಸ್ಟೇಬಲ್ ಪಾತ್ರಧಾರಿಯ ಬೆರಳು ಹೊಲಿಗೆಯ ಮೇಲೆಯೇ ನಿಂತಿತು. ಗುಮಾಸ್ತ ಮಾತು ಮರೆತ. ತಾಯಿ, ಆ ಹಿರಿಯ ಕಲಾವಿದೆ, ಏನೂ ತೋಚದೆ ಎದ್ದು ಡಬ್ಬಿಯಿಂದ ತುಸು ಬೆಲ್ಲ ತೆಗೆದು ಕಾನ್‌ಸ್ಟೇಬಲ್‌ಗೆ ಕೊಟ್ಟು, ‘ಬಾಯಾರಿಕೆಗೆ’ ಎಂದರು. ಅದು ಚಿತ್ರಕಥೆಯಲ್ಲಿ ಇರಲಿಲ್ಲ. ಆಮೇಲೆ ‘ಉಸ್ಸ್’ ಬಂತು. ನಾನು ಮಾನಿಟರ್ ಹಿಂದೆ ಬೆಚ್ಚಿ ಹೆಡ್‌ಫೋನ್ ಕೆಡವಿದೆ. ಚಿತ್ರದಲ್ಲಿ ಉಳಿದದ್ದು ಅದೇ ಟೇಕ್.

ಇಷ್ಟಾದರೂ ನಾನು ನಟನೆ ಬಿಟ್ಟಿರಲಿಲ್ಲ. ಗಾಡಿ ತರುವ ಭಾವನ ಪಾತ್ರವನ್ನು ನನಗೇ ಇಟ್ಟುಕೊಂಡಿದ್ದೆ. ಒಬ್ಬ ಕಲಾವಿದನ ಸಂಭಾವನೆ ಉಳಿಯುತ್ತದೆ ಎಂದು ನಿರ್ಮಾಪಕರಿಗೆ ಹೇಳಿದ್ದೆ. ನಿಜವಾದ ಕಾರಣ, ಬರೆದ ಪಾತ್ರಗಳಲ್ಲಿ ಅತ್ಯಂತ ತಮಾಷೆಯದು ಅದಾಗಿತ್ತು. ನಾನು ಫ್ರೇಮಿನೊಳಗಿದ್ದ ದಿನಗಳಲ್ಲಿ ಕಟ್ ಹೇಳುವ ಹೊಣೆ ಸಹ ನಿರ್ದೇಶಕರದು. ಅವರಿಗೆ ನನ್ನನ್ನು ನಿಲ್ಲಿಸಲು ಸಂಕೋಚ. ಹೀಗಾಗಿ ದೃಶ್ಯ ಮುಗಿದ ಮೇಲೂ ನಾನು ಮುಂದುವರಿಸುತ್ತಿದ್ದೆ, ಯೂನಿಟ್ ನಗುತ್ತಿತ್ತು, ಅವರು ನಗು ನಿಲ್ಲಲೆಂದು ಕಾಯುತ್ತಿದ್ದರು. ಪ್ರತಿ ಟೇಕ್ ಆದ ಮೇಲೆ ಓಡಿಬಂದು ಪ್ಲೇಬ್ಯಾಕ್ ನೋಡುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. 32 ದಿನಗಳಲ್ಲಿ ಮುಗಿಯಬೇಕಾದ್ದು 36ಕ್ಕೆ ಏರಿದ್ದು ಮಳೆಯಿಂದಲ್ಲ, ನನ್ನಿಂದ. ಕುಂಬಳಕಾಯಿ ಒಡೆದ ದಿನ ನಿರ್ಮಾಪಕರು ಇದನ್ನು ಎಲ್ಲರೆದುರು ಹೇಳದಿದ್ದದ್ದು ಅವರ ದೊಡ್ಡತನ.

ಸಂಕಲನದ ಕೋಣೆಯಲ್ಲಿ ಲೆಕ್ಕ ಚುಕ್ತಾ ಆಯಿತು. ಮೊದಲ ರಫ್ ಕಟ್ ಎರಡು ಗಂಟೆ ಐವತ್ತು ನಿಮಿಷವಿತ್ತು. ಸಂಕಲನಕಾರರು ಮಾತು ಕಡಿಮೆಯ ಮನುಷ್ಯ. ಪೂರ್ತಿ ನೋಡಿದ ಮೇಲೆ, ‘ಸರ್, ಭಾವ ಬಂದಾಗಲೆಲ್ಲ ನನಗೆ ಹೆದರಿಕೆ ಹೋಗಿಬಿಡುತ್ತೆ’ ಎಂದರು. ಅಷ್ಟೇ ಹೇಳಿ ಕಾಫಿಗೆ ಹೋದರು. ನಾನೊಬ್ಬನೇ ಕೂತು ನನ್ನ ದೃಶ್ಯಗಳನ್ನು ಒಂದರ ಹಿಂದೆ ಒಂದು ಹಾಕಿ ನೋಡಿದೆ. ಅವರ ಮಾತು ನಿಜವಾಗಿತ್ತು. ಎಲ್ಲರೂ ಒಂದು ಅಪಾಯದ ರಾತ್ರಿಯಲ್ಲಿದ್ದರೆ ಭಾವ ಮಾತ್ರ ಒಂದು ಹಾಸ್ಯ ಚಿತ್ರದಲ್ಲಿದ್ದ. ಹುಲ್ಲು ತುಂಬಿದ ಮೂಟೆ ನಾನೇ ಆಗಿದ್ದೆ. ಹನ್ನೊಂದು ನಿಮಿಷವಿದ್ದ ನನ್ನ ಪಾತ್ರ ಮೂರು ನಿಮಿಷಕ್ಕೆ ಇಳಿಯಿತು. ಯೂನಿಟ್ ಅತಿ ಹೆಚ್ಚು ನಕ್ಕಿದ್ದ ಗಾಡಿಯ ದೃಶ್ಯ ಪೂರ್ತಿ ಹೋಯಿತು. ದ್ವಿತೀಯಾರ್ಧದಲ್ಲಿ ನಾಯಕನ ಗೆಳೆಯನನ್ನು ಕಾಣೆಯಾಗಿಸಿದ ನಿರ್ದೇಶಕರೆಲ್ಲರ ಮೇಲೆ ನನಗಿದ್ದ ಸಿಟ್ಟು ಅಂದು ಬಹುಮಟ್ಟಿಗೆ ಇಳಿಯಿತು.

ಉಳಿದ ಕೆಲಸವೆಲ್ಲ ಫ್ರೇಮ್‌ಗಳ ಲೆಕ್ಕ. ಸೆಕೆಂಡಿಗೆ 24 ಫ್ರೇಮ್. ರಂಗದ ಮೇಲೆ ಟೈಮಿಂಗ್ ಎಂಬುದು ನಟನ ಉಸಿರಿನಲ್ಲಿರುತ್ತದೆ. ಪ್ರೇಕ್ಷಕರು ನಕ್ಕರೆ ತಡೆಯುತ್ತೇವೆ, ಸುಮ್ಮನಿದ್ದರೆ ಮುಂದಕ್ಕೆ ಹೋಗುತ್ತೇವೆ. ಇಲ್ಲಿ ಒಮ್ಮೆ ಇಟ್ಟದ್ದು ಇಟ್ಟ ಹಾಗೆ, ಸಭಾಂಗಣದಲ್ಲಿ ಯಾರೇ ಕೂತಿದ್ದರೂ. ಅಡುಗೆಮನೆಯಲ್ಲಿ ಬೆಲ್ಲ ಕೊಟ್ಟ ಮೇಲೆ ಸೀಟಿ ಕೂಗುವ ತನಕ ಎಷ್ಟು ಮೌನ ಇಡಬೇಕೆಂಬುದಕ್ಕೆ ನಾಲ್ಕು ದಿನ ಕಳೆದೆವು. ಒಂದು ಸೆಕೆಂಡ್ ಇಟ್ಟಾಗ ಬೆಚ್ಚುತ್ತಿದ್ದೆವು, ನಗುತ್ತಿರಲಿಲ್ಲ. ಮೂರು ಸೆಕೆಂಡ್ ಇಟ್ಟಾಗ ಕುಕ್ಕರ್ ಕೂಗುತ್ತದೆಂದು ಮೊದಲೇ ಗೊತ್ತಾಗುತ್ತಿತ್ತು. ಎರಡು ಸೆಕೆಂಡಿನ ಮೇಲೆ ಎಂಟು ಫ್ರೇಮ್ ಇಟ್ಟಾಗ ಸಂಕಲನಕಾರರು ಮೊದಲ ಸಲ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಆಮೇಲೆ ಒಂದು ಸೀಟಿಯ ಜಾಗದಲ್ಲಿ ಮೂರು ಇಟ್ಟೆವು: ಮೊದಲೆರಡಕ್ಕೆ ಯಾರೂ ಏಳುವುದಿಲ್ಲ, ಒಲೆ ಆರಿಸಲು ಎದ್ದರೆ ಮೂಟೆಯ ಕಾವಲು ತಪ್ಪುತ್ತದೆಂದು ಮೂವರೂ ಕೂತೇ ಇರುತ್ತಾರೆ. ಅನ್ನ ಸೀಯುತ್ತಿದೆ. ಕಾನ್‌ಸ್ಟೇಬಲ್ ಮಾತ್ರ ಒಮ್ಮೆ ಕುಕ್ಕರನ್ನೂ ಒಮ್ಮೆ ಇವರನ್ನೂ ನೋಡುತ್ತಾರೆ. ಹಿನ್ನೆಲೆ ಸಂಗೀತ ಕೂಡಿಸಿದಾಗ ಆ ದೃಶ್ಯಕ್ಕೆ ತಮಾಷೆಯ ಪಿಟೀಲಿನ ತುಣುಕೊಂದು ಬಂದಿತ್ತು. ಸಂಗೀತ ನಿರ್ದೇಶಕರನ್ನು ಒಪ್ಪಿಸಿ ಅದನ್ನು ತೆಗೆಸಿದೆ. ಈಗ ಅಲ್ಲಿರುವುದು ಜೀರುಂಡೆಗಳು ಮಾತ್ರ, ಹದಿನಾಲ್ಕನೆಯ ರಾತ್ರಿಯ ರೂಮ್ ಟೋನ್.

ಪ್ರಮಾಣಪತ್ರಕ್ಕೆ ಚಿತ್ರ ಸಲ್ಲಿಸಿದ್ದು ಹೊಸ ವರ್ಗೀಕರಣ ಬಂದ ಮೇಲೆ. 2023ರ ತಿದ್ದುಪಡಿಯ ಬಳಿಕ ಯುಎ ದರ್ಜೆಯಲ್ಲಿ 7, 13, 16 ವರ್ಷಗಳ ಮೂರು ವಿಭಾಗಗಳಿವೆ. ನಮಗೆ ದೊರೆತದ್ದು ನಡುವಿನದು, ನಾವು ನಿರೀಕ್ಷಿಸಿದ್ದೂ ಅದನ್ನೇ. ಬಿಡುಗಡೆಯ ವಾರ ನಮ್ಮೊಂದಿಗೆ ಬೇರೆ ಚಿತ್ರಗಳೂ ಇದ್ದುದರಿಂದ ಬೆಂಗಳೂರಿನಲ್ಲಿ ನಮಗೆ ದಕ್ಕಿದ್ದು ಹೆಚ್ಚಾಗಿ ಬೆಳಗಿನ ಆಟಗಳು. ಹೆದರಿಸುವ ಚಿತ್ರವನ್ನು ಜನ ಉಪ್ಪಿಟ್ಟು ತಿಂದು ಬಂದು ನೋಡಿದರು. ಹಾಕಿದ ಹಣ ಬಹುಪಾಲು ಹಿಂದಿರುಗಿತು ಎಂಬಷ್ಟನ್ನು ಹೇಳಿದರೆ ಸಾಕು. ನಿರ್ಮಾಪಕರು ಆ ವರ್ಷದ ಅಡಿಕೆಯ ಧಾರಣೆಯ ಜೊತೆ ಹೋಲಿಸಿ ಏನೋ ಒಂದು ಲೆಕ್ಕ ಹೇಳಿದರು, ನನಗೆ ಅರ್ಥವಾಗಲಿಲ್ಲ.

ಎರಡನೆಯ ಭಾನುವಾರ ಸಾಗರಕ್ಕೆ ಹೋಗಿ, ಸಂಜೆಯ ಆಟಕ್ಕೆ ಟಿಕೆಟ್ ಕೊಂಡು, ಹಿಂದಿನ ಸಾಲಿನ ಮೂಲೆಯಲ್ಲಿ ಕೂತೆ. ಮುಕ್ಕಾಲು ಪಾಲು ತುಂಬಿತ್ತು. ಸುಲಿಯುವ ಸಾಲಿನ ಆರು ಮಂದಿಯೂ ಮನೆಯವರೊಂದಿಗೆ ಬಂದು ಮಧ್ಯದ ಸಾಲಿನಲ್ಲಿ ಕೂತಿದ್ದರು. ತಮ್ಮ ಮುಖ ತೆರೆಗೆ ಬಂದಾಗಲೂ ಅವರು ಗಲಾಟೆ ಮಾಡಲಿಲ್ಲ, ಯಾರು ಎಷ್ಟು ಸುಲಿದಿದ್ದರೆಂಬ ಬಗ್ಗೆ ಸಣ್ಣದಾಗಿ ಚರ್ಚಿಸಿದರು. ಅಡುಗೆಮನೆಯ ದೃಶ್ಯ ಬಂತು. ಕಾನ್‌ಸ್ಟೇಬಲ್ ಎಲೆಗೆ ಸುಣ್ಣ ಹಚ್ಚಿದರು, ಅಡಿಕೆ ಕೇಳಿದರು. ಅಲ್ಲೊಂದು ಇಲ್ಲೊಂದು ನಗು ಕೇಳಿ, ಬೆರಳು ಹೊಲಿಗೆಗೆ ಹೋದಾಗ ನಿಂತಿತು. ಬೆಲ್ಲ ಕೊಟ್ಟರು. ನಾನು ಮನಸ್ಸಿನಲ್ಲೇ ಎಣಿಸಿದೆ: ಎರಡು ಸೆಕೆಂಡ್, ಎಂಟು ಫ್ರೇಮ್. ಮೊದಲ ಸೀಟಿಗೆ ಇಡೀ ಸಭಾಂಗಣ ಬೆಚ್ಚಿತು. ಎರಡನೆಯದಕ್ಕೆ ಯಾರೂ ಉಸಿರಾಡಲಿಲ್ಲ. ಮೂರನೆಯದು ಕೂಗಿ ಇನ್ನೂ ಮುಗಿದಿರಲಿಲ್ಲ, ಮಧ್ಯದ ಸಾಲಿನಿಂದ ಆ ಹಿರಿಯಾಕೆಯ ದನಿ, ಸಿಟ್ಟಿನಿಂದಲೇ, ತೆರೆಯ ಮೇಲಿದ್ದವರನ್ನು ನೇರವಾಗಿ ಗದರಿತು: ‘ಅಯ್ಯೋ, ಮೊದ್ಲು ಆ ಒಲೆ ಆರ್ಸ್ರೋ!’